ಗುರುಸಿದ್ದಯ್ಯನ ತೇಗ, ಗಂಗಾಂಬಿಕೆಯ ಕಾಲ್ಗುಣ

ಗುಬ್ಬಿಯಲ್ಲಿ ಶಿವರಾಜನ ಸಾಮಿಲ್ಲಿಗೆ ಮರ ತಂದವರು ಮೊದಲು ಎದುರಿಸಬೇಕಾದದ್ದು ಗರಗಸವನ್ನಲ್ಲ, ಗಂಗಾಂಬಿಕೆಯನ್ನು. ದಿಮ್ಮಿ ಅಳೆಯುವವಳು ಅವಳೇ, ಬಿಲ್ಲು ಬರೆಯುವವಳೂ ಅವಳೇ. ಗರಗಸದ ಸದ್ದಿನ ಮೇಲೆ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದು ಅವಳಿಗೆ ಮರೆತೇ ಹೋಗಿದೆ. ಮನೆಯಲ್ಲಿ ಬೆಕ್ಕನ್ನು ಕರೆದರೆ ಹಿಂದಿನ ಬೀದಿಯ ಬೆಕ್ಕೂ ಎದ್ದು ಬರುತ್ತದೆ. ಯಾರಾದರೂ ಅಳತೆಯಲ್ಲಿ ಸ್ವಲ್ಪ ನೋಡಿಕೊಳ್ಳಿ ಎಂದು ಹಲ್ಲು ಕಿರಿದರೆ, "ಟೇಪು ನನ್ ತಮ್ಮ ಅಲ್ಲ ಕಣಪ್ಪ, ಹೇಳ್ದಂಗೆ ಕೇಳಕ್ಕೆ" ಎಂದು ಮುಖಕ್ಕೇ ಹೇಳುತ್ತಾಳೆ. ಐವತ್ತು ದಾಟಿದ ಹೆಂಗಸು, ತಲೆಗೂದಲಲ್ಲಿ ಸದಾ ಮರದ ಹೊಟ್ಟು.

ಈ ಬಾಯಿ ಹುಟ್ಟಿನಿಂದ ಬಂದದ್ದಲ್ಲ. ಕುಣಿಗಲ್ಲಿಗೆ ಮದುವೆಯಾಗಿ ಹೋದಾಗ ಅವಳು ತಲೆ ಎತ್ತಿ ಮಾತಾಡದ ಹುಡುಗಿ. ಗಂಡನಿಗೆ ಬಟ್ಟೆ ಅಂಗಡಿ. ಕುಡಿತವಿಲ್ಲ, ಹೊಡೆತವಿಲ್ಲ, ಬೀದಿಯವರೆಲ್ಲ ಪುಣ್ಯ ಮಾಡಿದ್ದೆ ಕಣಮ್ಮ ಎನ್ನುವವರೇ. ಆದರೆ ಆ ಪುಣ್ಯಾತ್ಮ ಅಂಗಡಿಗೆ ಹೊರಡುವಾಗ ಹೆಂಡತಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಿದ್ದ. ಹಾಲು ಹಾಕುವವನ ಜೊತೆ ನಕ್ಕಿದ್ದಳಂತೆ, ಅದಕ್ಕೆ. ವರ್ಷಗಟ್ಟಲೆ ಹಾಗೇ ನಡೆಯಿತು. ಒಂದು ದಿನ ಗಂಗಾಂಬಿಕೆ ಅಟ್ಟ ಹತ್ತಿ, ಹೆಂಚು ಸರಿಸಿ, ಮಾಡಿನ ಮೇಲಿಂದ ಪಕ್ಕದ ಮನೆಯ ತೆಂಗಿನ ಸಿಪ್ಪೆಯ ರಾಶಿಯ ಮೇಲೆ ಧುಮುಕಿದಳು. ಬಸ್‌ಸ್ಟ್ಯಾಂಡಿಗೆ ಬೇರೆ ದಾರಿ ಇತ್ತು. ಅವಳು ಬೇಕೆಂದೇ ಗಂಡನ ಅಂಗಡಿಯ ಮುಂದೆ ಹಾದು, ಗಿರಾಕಿಗಳ ಎದುರಿಗೇ, "ಬೀಗ ಹಂಗೇ ಐತೆ, ಹೋಗಿ ನೋಡ್ಕೊಳ್ರೀ" ಎಂದು ಹೇಳಿ ತುಮಕೂರು ಬಸ್ಸು ಹತ್ತಿದಳು.

ತವರು ಬೆಳ್ಳಾವಿಯ ಹತ್ತಿರದ ಹಳ್ಳಿ. ತಾಯಿ ಆಗಲೇ ಇರಲಿಲ್ಲ. ಅಪ್ಪ ಗುರುಸಿದ್ದಯ್ಯ ಮಾತಿನಲ್ಲಿ ಮಹಾ ಜಿಪುಣ. ಮಗಳು ಮೊಣಕೈ ತರಚಿಕೊಂಡು ಹಟ್ಟಿ ಬಾಗಿಲಲ್ಲಿ ನಿಂತಾಗ ಏಕೆ ಬಂದೆ ಎಂದು ಕೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ಎಮ್ಮೆಗೆ ನೀರು ತೋರಿಸಿ ಬಂದು, ಒಳಗೆ ಕೂಗಿ ಇನ್ನೊಂದು ತಟ್ಟೆ ಇಡಲು ಹೇಳಿದ.

ತಟ್ಟೆ ಇಟ್ಟವಳು ಅತ್ತಿಗೆ, ಅಣ್ಣ ಮಹಾಲಿಂಗಯ್ಯನ ಹೆಂಡತಿ. ಇಟ್ಟ ಸದ್ದಿನಲ್ಲೇ ಎಲ್ಲವೂ ತಿಳಿಯಿತು. ಆ ವರ್ಷ ಮಳೆ ಕೈಕೊಟ್ಟಿತ್ತು, ಬಾವಿಯ ನೀರು ಇಳಿದಿತ್ತು, ತೆಂಗಿಗೆ ನುಸಿ ಬಿದ್ದಿತ್ತು. ನುಸಿ ಇಡೀ ಜಿಲ್ಲೆಯ ತೆಂಗಿಗೆ ಬಿದ್ದಿತ್ತು ಅನ್ನಿ. ಆದರೂ ಆ ಮನೆಯಲ್ಲಿ ಅದು ಗಂಗಾಂಬಿಕೆಯ ಕಾಲ್ಗುಣ. ಗಂಡನನ್ನು ಬಿಟ್ಟು ಬಂದ ಕಾಲು ಹೊಸ್ತಿಲು ದಾಟಿತು, ಮನೆ ಒಣಗಿತು ಎಂದು ಅತ್ತಿಗೆ ನೀರು ಸೇದುವಾಗ ಹೇಳಿದಳು, ರಾಗಿ ಬೀಸುವಾಗ ಹೇಳಿದಳು, ನೆಂಟರು ಬಂದಾಗಲಂತೂ ಮರೆಯದೆ ಹೇಳಿದಳು. ಅಣ್ಣ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅಪ್ಪನೂ ಸುಮ್ಮನಿದ್ದ. ಬೇರೆಯವರ ಮಾತಿಗಿಂತ ಅಪ್ಪನ ಆ ಮೌನವೇ ಗಂಗಾಂಬಿಕೆಗೆ ಹೆಚ್ಚು ಉರಿಯಿತು. ಒಂದು ಸಲ, ಒಂದೇ ಸಲ, ಸಾಕು ನಿಲ್ಲಿಸ್ರಪ್ಪ ಎಂದಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಅಪ್ಪ ಮಾಡಿದ್ದು ಇಷ್ಟು. ತೇಗದ ಮರವಿದ್ದ ಬದುವಿನ ಕೆಳಗಿನ ಹತ್ತು ಗುಂಟೆ ತೋರಿಸಿ, "ಇದ್ ನಿಂದು, ಗೇಯ್ಕೋ" ಎಂದ. ಆ ತೇಗ ಅವನು ಗಂಗಾಂಬಿಕೆ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ನೆಟ್ಟದ್ದು. ಗಂಗಾಂಬಿಕೆ ಗೇದಳು. ಕಲ್ಲು ಆಯ್ದಳು, ಗೊಬ್ಬರ ಹೊತ್ತಳು, ರಾಗಿ ಹಾಕಿದಳು. ತೆನೆ ಮುಷ್ಟಿ ಕಟ್ಟಿ ನಿಂತಿತು. ವರ್ಷವೂ ಅಣ್ಣನ ಹೊಲಕ್ಕಿಂತ ಅವಳ ತುಂಡಿನಲ್ಲೇ ರಾಗಿ ಚೆನ್ನಾಗಿ ಬರುತ್ತಿತ್ತು. ತನ್ನ ಊಟದ ರಾಗಿ ತಾನೇ ಬೆಳೆದುಕೊಳ್ಳುತ್ತೇನೆ ಎನ್ನುವ ಹೆಮ್ಮೆಯಲ್ಲಿ ಅವಳ ಬಾಯಿ ಬೆಳೆಯಿತು. ಅತ್ತಿಗೆ ಒಂದು ಅಂದರೆ ಇವಳು ಎರಡು ಅನ್ನತೊಡಗಿದಳು.

ಹನ್ನೊಂದು ವರ್ಷ ಹೀಗೆ ಕಳೆಯಿತು. ಅಪ್ಪ ಹೋದ ಮೇಲೆ ಆ ಮನೆಯ ಅನ್ನದಲ್ಲಿ ಕಲ್ಲು ಹೆಚ್ಚಾಯಿತು. ಗಂಗಾಂಬಿಕೆ ಗುಬ್ಬಿಗೆ ಬಂದು ಒಂದು ರೂಮು ಹಿಡಿದಳು, ಸಾಮಿಲ್ಲಿನಲ್ಲಿ ಮೊದಲು ಹೊಟ್ಟು ಗುಡಿಸಿ, ಆಮೇಲೆ ಟೇಪು ಹಿಡಿದಳು. ಅಲ್ಲಿಗೆ ತವರಿನ ಲೆಕ್ಕ ಮುಗಿಯಿತು ಎಂದುಕೊಂಡಿದ್ದಳು. ತವರು ಲಾರಿ ಹತ್ತಿ ಮಿಲ್ಲಿಗೇ ಬರುತ್ತದೆ ಎಂದು ಯಾರಿಗೆ ಗೊತ್ತು?

ಮಹಾಲಿಂಗಯ್ಯ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ. ಶೆಟ್ಟಿಹಳ್ಳಿಯಲ್ಲಿ ಸೈಟು ಕೊಂಡು ಮನೆ ಎಬ್ಬಿಸುತ್ತಿದ್ದ. ಮುಂಬಾಗಿಲಿಗೆ ಅಪ್ಪ ನೆಟ್ಟ ತೇಗವೇ ಆಗಬೇಕೆಂದು ಬದುವಿನ ಮರ ಕಡಿಸಿ, ದಿಮ್ಮಿಗಳನ್ನು ತಂಗಿಯ ಮಿಲ್ಲಿಗೇ ತಂದ. ಪ್ರೀತಿ ಉಕ್ಕಿ ಬಂದಿತೆಂದುಕೊಳ್ಳಬೇಡಿ. ಬೇರೆ ಮಿಲ್ಲಿನಲ್ಲಿ ಒಳ್ಳೆಯ ಹಲಗೆ ಇಟ್ಟುಕೊಂಡು ಬೇರೆಯದು ಕೊಡುತ್ತಾರೆ, ತಂಗಿ ಇದ್ದರೆ ಆ ಭಯವಿಲ್ಲ ಎಂದು ಅವನೇ ಲಾರಿಯವನ ಮುಂದೆ ಹೇಳಿದ. ಮರ ಕಾಯುವುದಕ್ಕೆ ತಂಗಿ ಬೇಕು.

ದಿಮ್ಮಿಯ ಬುಡ ಸಮ ಮಾಡಲು ಒಂದು ಬಿಲ್ಲೆ ಕೊಯ್ದರು. ಗಾಲಿಯಷ್ಟು ಅಗಲದ ಆ ಬಿಲ್ಲೆಯಲ್ಲಿ ವರ್ಷಕ್ಕೊಂದರಂತೆ ಸುತ್ತುಗಳು ಎದ್ದು ಕಾಣುತ್ತಿದ್ದವು. ನಡುವಿನಿಂದ ದಪ್ಪ ದಪ್ಪ ಸುತ್ತು. ಆಮೇಲೆ ಇದ್ದಕ್ಕಿದ್ದಂತೆ ಕೂದಲೆಳೆಯಂಥ ಸುತ್ತುಗಳ ಒಂದು ಪಟ್ಟಿ. ತೊಗಟೆಯ ಹತ್ತಿರ ಮತ್ತೆ ದಪ್ಪ. ಮಹಾಲಿಂಗಯ್ಯ ಬಗ್ಗಿ, ತೊಗಟೆಯಿಂದ ಒಳಗೆ ಬೆರಳಿಟ್ಟು ಎಣಿಸಿದ. ಮತ್ತೊಮ್ಮೆ ಎಣಿಸಿದ. ಅವನ ಮುಖ ಬದಲಾಯಿತು.

"ನೋಡವ್ವ ಗಂಗಾ. ನೀನ್ ಬಂದ್ ವರ್ಷ ಮರ ಸೊರಗೈತೆ. ನೀನ್ ಗುಬ್ಬಿಗೆ ಬಂದ್ ಮೇಲೆ ಚೇತರಿಸ್ಕಂಡದೆ. ನಿಮ್ಮತ್ಗೆ ಹೇಳ್ದಾಗ ನಾನೂ ನಂಬಿರ್ಲಿಲ್ಲ. ಮರ ಸುಳ್ ಹೇಳ್ತದಾ?"

ಗರಗಸ ನಿಂತಿತ್ತು. ಕೆಲಸದವರೆಲ್ಲ ಕೇಳಿಸಿಕೊಂಡರು. ಹೋಗುವ ಮುಂಚೆ ಅಣ್ಣ ಇನ್ನೂ ಒಂದು ಮಾತು ಹೇಳಿದ: ವಾಸ್ಕಲ್ಲು ನಿಲ್ಲಿಸುವ ಪೂಜೆಗೆ ನೀನು ಬರುವುದು ಬೇಡ, ತಪ್ಪು ತಿಳಿಯಬೇಡ. ಹೊಸ ಮನೆಗೆ ಮುಂಬಾಗಿಲಿನ ಚೌಕಟ್ಟು ನಿಲ್ಲಿಸುವಾಗ ಅದಕ್ಕೆ ಮೊದಲ ಅರಿಶಿನ ಕುಂಕುಮ ಹಚ್ಚುವುದು ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳು. ಗುರುಸಿದ್ದಯ್ಯನಿಗೆ ಇದ್ದದ್ದು ಒಬ್ಬಳೇ ಮಗಳು. ಅವಳನ್ನು ಬಿಟ್ಟು ಅತ್ತಿಗೆಯ ತಂಗಿಯನ್ನು ಕರೆಯುವುದೆಂದು ತೀರ್ಮಾನವಾಗಿತ್ತು.

ಹನ್ನೊಂದು ವರ್ಷ ಕೇಳಿದ ಮಾತೇ. ಬಾಯಿಂದ ಬಂದಾಗ ಬಾಯಿಂದಲೇ ಹೊಡೆದಿದ್ದಳು. ಈ ಸಲ ಮಾತು ಮರದಲ್ಲಿತ್ತು. ಗಂಗಾಂಬಿಕೆ ತಾನೂ ಎಣಿಸಿದಳು. ಅಣ್ಣನ ಲೆಕ್ಕ ಸರಿಯಾಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸಮಾಧಾನ ಹೇಳಿಕೊಂಡಳು. ಆದರೂ ಮನಸ್ಸಿನ ಒಂದು ಮೂಲೆಯಲ್ಲಿ, ನಿಜವಿದ್ದರೆ? ಎಂಬ ಅಳುಕು ಹುಟ್ಟಿತು. ಹುಟ್ಟಿತಲ್ಲ ಎಂಬುದೇ ಅವಳಿಗೆ ಅವಮಾನ. ಅಣ್ಣನಿಗಿಂತ ತನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಹೇಮಶ್ರೀ ಎಂಬ ಹುಡುಗಿ ಆಗಾಗ ಸ್ಕೂಟಿಯಲ್ಲಿ ಮಿಲ್ಲಿಗೆ ಬರುತ್ತಿದ್ದಳು. ತುಮಕೂರಿನಲ್ಲಿ ಪಿಎಚ್‌ಡಿ ಮಾಡುವವಳು. ತೇಗದ ಬಿಲ್ಲೆಗಳನ್ನು ಕೇಳಿ ಒಯ್ಯುತ್ತಿದ್ದಳು. ಸುತ್ತು ಸುತ್ತನ್ನೂ ಬೇರೆ ಬೇರೆ ಕೆತ್ತಿ, ಪುಡಿ ಮಾಡಿ, ಅದರೊಳಗಿನ ಕಾರ್ಬನ್ ತೂಗಿಸಿ, ಯಾವ ವರ್ಷ ಮರ ಹೇಗೆ ಬದುಕಿತ್ತು ಎಂದು ಹೇಳುವುದು ಅವಳ ಓದು. ಗಂಗಾಂಬಿಕೆ ಅಪ್ಪನ ಮರದ ಬಿಲ್ಲೆಯನ್ನು ಅವಳ ಸ್ಕೂಟಿಯ ಮುಂದೆ ದೊಪ್ಪನೆ ಇಟ್ಟಳು.

"ಇದುನ್ನ ತೂಗ್ಸು. ಬರ ಬಿದ್ದು ಮರ ಸೊರಗ್ತು ಅಂತ ಒಂದ್ ಕಾಗದ ಬರ್ದ್ಕೊಡು. ನಮ್ಮಣ್ಣನ ಮುಖುಕ್ ಹಿಡೀಬೇಕು."

"ಆಂಟಿ, ತೂಗಿಸ್ತೀನಿ. ಆದ್ರೆ ಏನ್ ಬರುತ್ತೋ ಅದನ್ನೇ ಹೇಳ್ತೀನಿ."

"ಬರ ಬಿದ್ದಿದ್ದು ನಂಗೊತ್ತಿಲ್ವಾ? ಅದೇ ಬರ್ತದೆ, ತಗಂಡ್ ಹೋಗು."

ದಿಮ್ಮಿಗಳು ಹಲಗೆಯಾಗಿ, ಚೌಕಟ್ಟಿನ ಅಳತೆಗೆ ಕೊಯ್ದು, ನೆರಳಿನಲ್ಲಿ ಒಣಗಲು ಬಿದ್ದವು. ಹೇಮಶ್ರೀಯ ಪುಡಿಗಳು ಬೇರೆ ಊರಿನ ಮೆಷಿನ್ನಿಗೆ ಹೋದವು. ತಿಂಗಳುಗಳೇ ಹಿಡಿದವು. ಅತ್ತ ಶೆಟ್ಟಿಹಳ್ಳಿಯಲ್ಲಿ ಪಾಯ ಮೇಲೆದ್ದು, ಪೂಜೆಗೆ ದಿನ ಗೊತ್ತಾಯಿತು. ಅದಕ್ಕೆ ಇನ್ನೇನು ವಾರವಿದೆ ಎನ್ನುವಾಗ ಹುಡುಗಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಮುಖ ನೋಡಿದರೇ ಒಳ್ಳೆಯ ಸುದ್ದಿ ಅಲ್ಲ ಎಂದು ತಿಳಿಯುತ್ತಿತ್ತು.

"ಆಂಟಿ, ಎಲೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿ ಇರ್ತವೆ. ಅದ್ರಲ್ಲೇ ಗಾಳಿ ತಗೊಳ್ಳೋದು. ನೀರು ಸಾಲದೇ ಇದ್ದಾಗ ಮರ ಆ ಬಾಯಿಗಳನ್ನ ಮುಚ್ಚುತ್ತೆ, ಇಲ್ಲಾಂದ್ರೆ ಇರೋ ನೀರೂ ಆವಿಯಾಗಿ ಹೋಗುತ್ತೆ. ಗಾಳೀಲಿ ಕಾರ್ಬನ್ ಎರಡು ಥರ ಇದೆ, ಹಗುರಾದ್ದು, ಒಂಚೂರು ಭಾರವಾದ್ದು. ಬಾಯಿ ತೆರೆದಿದ್ದಾಗ ಮರ ಹಗುರಾದ್ದನ್ನೇ ಆರಿಸ್ಕೊಳ್ಳುತ್ತೆ. ಮುಚ್ಚಿದಾಗ ಆರಿಸೋಕೆ ಆಗಲ್ಲ, ಒಳಗಿರೋ ಭಾರದ್ದೂ ಬಳಸ್ಬೇಕು. ಅದು ಆ ವರ್ಷದ ಸುತ್ತಲ್ಲಿ ಹಾಗೇ ಉಳಿಯುತ್ತೆ, ಎಷ್ಟು ವರ್ಷ ಆದ್ರೂ ಅಳಿಸಲ್ಲ."

"ಸರಿ. ನಮ್ ಮರುದಲ್ಲಿ ಭಾರದ್ದು ಜಾಸ್ತಿ ಐತಲ್ಲ?"

"ಇಲ್ಲ."

ಕುಣಿಗಲ್ ಕಡೆಯ, ಗುಬ್ಬಿ ಕಡೆಯ ಬೇರೆ ತೇಗಗಳಲ್ಲಿ ಆ ಬರದ ವರ್ಷಗಳು ಎದ್ದು ಕಾಣುತ್ತಿದ್ದವು. ಈ ಮರದ ಸಣ್ಣ ಸುತ್ತುಗಳಲ್ಲಿ ಭಾರದ ಕಾರ್ಬನ್ ಏರಿರಲಿಲ್ಲ, ಬದಲಿಗೆ ಇಳಿದಿತ್ತು. ಮಳೆ ಚೆನ್ನಾಗಿದ್ದ ವರ್ಷಗಳಲ್ಲೂ ಸುತ್ತು ಸಣ್ಣಗೇ ಇತ್ತು. ಮರಕ್ಕೆ ಬಾಯಾರಿಕೆಯೇ ಆಗಿರಲಿಲ್ಲ.

ಗಂಗಾಂಬಿಕೆ ರೇಗಿದಳು. ನಿನ್ನ ಮೆಷಿನ್ನು ಕೆಟ್ಟಿದೆ ಎಂದಳು. ಪುಡಿ ಅದಲುಬದಲಾಗಿದೆ ಎಂದಳು. ಒಂದು ಸಾಲು ಬರೆದುಕೊಟ್ಟರೆ ನಿನ್ನ ಕೈ ಸವೆಯುತ್ತದಾ ಎಂದಳು. ಹೇಮಶ್ರೀ ಅಳುವ ಹಾಗಾದರೂ ಜಗ್ಗಲಿಲ್ಲ. "ಸುಳ್ಳು ಬರೆದ್ರೆ ನಿಮ್ಮ ಅಣ್ಣ ಹೇಳೋ ಸುಳ್ಳಿಗೂ ಇದಕ್ಕೂ ಏನ್ ವ್ಯತ್ಯಾಸ ಆಂಟಿ?" ಎಂದಳು. ಗಂಗಾಂಬಿಕೆಗೆ ಅಂಥ ಮಾತು ಅರ್ಥವಾಗುತ್ತದೆ. ಬೈಗುಳ ನಿಲ್ಲಿಸಿ, ಹಲಗೆಯ ರಾಶಿಯ ಮೇಲೆ ಕುಳಿತಳು.

"ಮತ್ ಯಾಕ್ ಸೊರಗ್ತು? ಹೇಳು."

"ನೀರಿತ್ತು, ಬಾಯಿ ತೆರೆದೇ ಇತ್ತು. ಆದ್ರೆ ಬಾಯಿಗಳೇ ಕಮ್ಮಿ ಇದ್ವು ಅನ್ಸುತ್ತೆ. ಅಂದ್ರೆ ಎಲೆ ಕಮ್ಮಿ. ಎಲೆ ಇಲ್ದೆ ಇದ್ರೆ ಮರ ದಪ್ಪ ಆಗಲ್ಲ. ಬೇರಿನ ನೀರೆಲ್ಲ ಉಳಿದ ನಾಲ್ಕು ಎಲೆಗೇ ಸಿಗುತ್ತೆ, ಅದಕ್ಕೇ ದಾಹನೂ ಇಲ್ಲ. ನನ್ನ ಲೆಕ್ಕ ಇಷ್ಟೇ ಹೇಳೋದು. ಯಾಕೆ ಎಲೆ ಇರ್ಲಿಲ್ಲ ಅಂತ ಅದು ಹೇಳಲ್ಲ. ಹುಳ ತಿಂದಿರಬಹುದು. ಯಾರಾದ್ರೂ ವರ್ಷ ವರ್ಷ ಕೊಂಬೆ ಕಡೀತಿದ್ರಾ?"

ಗಂಗಾಂಬಿಕೆ ಇಲ್ಲ ಎನ್ನಲು ಬಾಯಿ ತೆರೆದಳು.

ಅಪ್ಪ ಕಡಿಯುತ್ತಿದ್ದ. ಊರಿಗೆಲ್ಲ ಕಾಣುವಂತೆಯೇ ಕಡಿಯುತ್ತಿದ್ದ. ಮುಂಗಾರಿಗೆ ತೇಗ ಎಲೆ ಬಿಟ್ಟು ಅಗಲವಾಗುತ್ತಿದ್ದಂತೆ ಕುಡುಗೋಲು ಸೊಂಟಕ್ಕೆ ಸಿಕ್ಕಿಸಿ ಮರ ಹತ್ತಿ, ತುದಿಯಲ್ಲೊಂದು ಜುಟ್ಟು ಬಿಟ್ಟು ಉಳಿದದ್ದನ್ನೆಲ್ಲ ಸವರಿ ಹಾಕುತ್ತಿದ್ದ. ರಾಗಿ ಹೊಡೆ ಕಟ್ಟುವ ಹೊತ್ತಿಗೆ ಚಿಗುರಿದ್ದರೆ ಮತ್ತೆ ಹತ್ತುತ್ತಿದ್ದ. ಎಪ್ಪತ್ತರ ಮುದುಕ. ಏನಕ್ಕಪ್ಪ ಎಂದರೆ, ತಿಪ್ಪೆಗೆ ಎನ್ನುತ್ತಿದ್ದ. ಆ ಕಡೆ ಬದುಗಳ ಮೇಲಿನ ಮರ ಸವರುವುದು ಎಷ್ಟು ಮಾಮೂಲೆಂದರೆ, ಯಾರ ಕಣ್ಣಿಗೂ ಅದು ಕಂಡೇ ಇರಲಿಲ್ಲ. ಅವಳಿಗೂ ಕಂಡಿರಲಿಲ್ಲ.

ತಿಪ್ಪೆಗಂತೆ! ಅದೇ ಬದುವಿನ ಮೇಲೆ ಸಾಲಾಗಿ ಹೊಂಗೆ ಇದ್ದವು. ಬೇಗ ಕೊಳೆಯುವ ಹೊಂಗೆಸೊಪ್ಪು ಕೈಗೆ ಎಟಕುವಾಗ, ಬೆನ್ನು ಮುರಿದುಕೊಂಡು ಮರ ಹತ್ತಿ, ಬೇಗ ಕೊಳೆಯದ ತೇಗದೆಲೆಯನ್ನು ತಿಪ್ಪೆಗೆ ಹಾಕುವ ರೈತ ಭೂಮಿಯ ಮೇಲೆ ಇದ್ದಾನೆಯೇ? ಆ ಮರದ ನೆರಳು ಮಧ್ಯಾಹ್ನದವರೆಗೂ ಬೀಳುತ್ತಿದ್ದುದು ಅವಳ ಹತ್ತು ಗುಂಟೆಯ ಮೇಲೆ. ನೆರಳಲ್ಲಿ ರಾಗಿ ತೆನೆ ಕಟ್ಟುವುದಿಲ್ಲ. ಮಗಳ ರಾಗಿಗೆ ಬಿಸಿಲು ಬೀಳಲೆಂದು ಗುರುಸಿದ್ದಯ್ಯ ತಾನೇ ನೆಟ್ಟು ಬೆಳೆಸಿದ ಮರವನ್ನು ಹನ್ನೊಂದು ವರ್ಷ ಬೆಳೆಯಗೊಡಲಿಲ್ಲ.

ಗಂಗಾಂಬಿಕೆ ಅತ್ತಳು. ಅವಳ ಅಳುವೂ ಮಿಲ್ಲಿನ ಸದ್ದಿನ ಮೇಲೆ ಕೇಳಿಸಿತು, ಶಿವರಾಜ ಹೆದರಿ ಮೆಷಿನ್ನು ಆಫ್ ಮಾಡಿಸಿದ. ಅಳುವಿನ ನಡುವೆಯೇ ಅಪ್ಪನನ್ನು ಬೈದಳು. "ಮರ ಹತ್ತೋಕೆ ಕಾಲಿತ್ತು, ಒಂದ್ ಮಾತಾಡಕ್ಕೆ ನಾಲ್ಗೆ ಇರ್ಲಿಲ್ವಾ ನಿಂಗೆ? ನನ್ನ ಗೇಮೆ, ನನ್ನ ಕೈಗುಣ ಅಂತ ಊರ ತುಂಬ ಜಂಬ ಕೊಚ್ಚಿದ್ನಲ್ಲೋ ಅಪ್ಪಯ್ಯ!" ಆ ರಾಗಿಯ ಅರ್ಧ ಹೆಮ್ಮೆ ಮುದುಕನದಾಗಿತ್ತು, ಅದನ್ನೂ ಅವನು ಕೇಳಿರಲಿಲ್ಲ. ಹೇಮಶ್ರೀ ನೀರು ತಂದುಕೊಟ್ಟು, ಬೇಕಿದ್ದರೆ ಮೆಷಿನ್ನಿನ ಲೆಕ್ಕವನ್ನು ಪ್ರಿಂಟ್ ಹಾಕಿಸಿ ಕೊಡುತ್ತೇನೆ ಎಂದಳು. ಗಂಗಾಂಬಿಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, ಬೇಡ ಎಂದು ತಲೆಯಾಡಿಸಿದಳು.

ಪೂಜೆಯ ದಿನ ಬೆಳಿಗ್ಗೆ ಅವಳು ತಲೆಗೆ ಎರೆದುಕೊಂಡು, ಹಸಿರು ಸೀರೆ ಉಟ್ಟು ಶೆಟ್ಟಿಹಳ್ಳಿಗೆ ಬಂದಿಳಿದಳು. ಅತ್ತೂ ಕರೆದು ಔತಣ ಹೇಳಿಸಿಕೊಳ್ಳುವ ಜಾಯಮಾನ ಅವಳದಲ್ಲ, ನೇರವಾಗಿ ಬಂದಳು. ಚೌಕಟ್ಟನ್ನು ತೊಳೆದು ಇಟ್ಟಿಗೆಯ ಮೇಲೆ ಒರಗಿಸಿದ್ದರು. ಅಯ್ಯನವರು ವಿಭೂತಿ ಹಚ್ಚುತ್ತಿದ್ದರು. ಅತ್ತಿಗೆಯ ತಂಗಿ ಅರಿಶಿನದ ಬಟ್ಟಲು ಹಿಡಿದು ನಿಂತಿದ್ದಳು. ಇವಳನ್ನು ಕಂಡದ್ದೇ ಜನ ಗುಸುಗುಸು ಶುರು ಮಾಡಿದರು.

ಅತ್ತಿಗೆ ಅಡ್ಡ ಬಂದಳು. "ಶುಭದ್ ದಿನ ಯಾಕ್ ಬಂದೆ? ಮರನೇ ಹೇಳೈತೆ ಅಲ್ವಾ, ನಿನ್ ಕಾಲ್ಗುಣಕ್ಕೆ ಸೊರಗ್ತು ಅಂತ. ಇನ್ನ ಮನೇನೂ ಸೊರಗ್ಸಬೇಕಾ?"

ಗಂಗಾಂಬಿಕೆ ದನಿ ತಗ್ಗಿಸಲಿಲ್ಲ. ತಗ್ಗಿಸುವುದು ಗೊತ್ತಿದ್ದರೆ ತಾನೇ.

"ಹೂಂ ಕಣತ್ಗೆ, ಮರ ಸೊರಗಿದ್ದು ನನ್ನಿಂದ್ಲೇ. ನೀವು ಹೇಳಿದ್ದು ದಿಟ."

ಸಿಮೆಂಟು ಕಲಸುವವನೂ ಕೈ ನಿಲ್ಲಿಸಿದ. ಅವಳು ಒಪ್ಪಿಕೊಳ್ಳುತ್ತಾಳೆಂದು ಯಾರೂ ಎಣಿಸಿರಲಿಲ್ಲ.

"ನನ್ ರಾಗಿಗೆ ಬಿಸ್ಲು ಬೇಕಿತ್ತು. ಅದ್ಕೆ ನಮ್ಮಪ್ಪ ವರ್ಷ ವರ್ಷ ಮರ ಹತ್ತಿ ಕೊಂಬೆ ಕಡ್ದ. ಎಲೆ ಇಲ್ದೆ ಮರ ಹೆಂಗ್ ದಪ್ಪ ಆಗ್ತದೆ? ಅಣ್ಣಾ, ಅಪ್ಪ ಕಡ್ದ್ ಹಾಕ್ತಿದ್ದ, ಕೆಳುಗ್ ನಿಂತು ಹೊರೆ ಕಟ್ಟಿ ಹೊತ್ತೋನು ಯಾರು? ಹೇಳು ಎಲ್ರ ಮುಂದೆ. ಹೊಂಗೆ ಬುಟ್ಟು ತೇಗದೆಲೆ ಯಾಕ್ ಹೊತ್ತೆ ನೀನು?"

ಮಹಾಲಿಂಗಯ್ಯ ಹೊತ್ತಿದ್ದ. ಹನ್ನೊಂದು ವರ್ಷವೂ ಅವನೇ ಹೊತ್ತಿದ್ದ. ಕಾಲ್ಗುಣದ ಮಾತು ಕೇಳುತ್ತ, ಅದೇ ಹೆಗಲ ಮೇಲೆ ಆ ಹೊರೆ ಹೊತ್ತು ತಿಪ್ಪೆಗೆ ಹಾಕಿದ್ದ. "ಅಪ್ಪ ಯಾಕಂತ ಯಾವತ್ತೂ ಹೇಳ್ಲಿಲ್ಲ..." ಎಂದು ಏನೋ ಹೇಳಹೊರಟವನು ನಡುವೆಯೇ ನಿಂತ. ಅಪ್ಪ ಹೇಳಿರಲಿಲ್ಲ, ನಿಜ. ಇವನೂ ಯೋಚನೆ ಮಾಡಿರಲಿಲ್ಲ.

ಗಂಗಾಂಬಿಕೆ ಅತ್ತಿಗೆಯ ತಂಗಿಯ ಕೈಯಿಂದ ಬಟ್ಟಲು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ. ಅವಳೇ ಮುಂದೆ ಚಾಚಿದಳು. ಅಯ್ಯನವರು ಪಕ್ಕಕ್ಕೆ ಸರಿದರು.

"ಈ ಬಾಗ್ಲು ಇನ್ನ ನಾಕ್ ಬೆರ್ಳು ಅಗಲ ಬರ್ಬೋದಿತ್ತು. ಬರ್ಲಿಲ್ಲ. ಅದುನ್ನ ನಾನ್ ತಿಂದಿದೀನಿ, ಮುದ್ದೆ ಮಾಡ್ಕಂಡು, ಹನ್ನೊಂದು ವರ್ಷ. ನಮ್ಮಪ್ಪ ತಿನ್ನಿಸವ್ನೆ. ಇದ್ಕೆ ಮೊದಲ್ನೇ ಕುಂಕುಮ ನಾನಲ್ದೆ ಇನ್ಯಾರ್ ಇಕ್ತಾರೆ?"

ಅವಳು ಚೌಕಟ್ಟಿನ ಎರಡೂ ಕಂಬಗಳಿಗೆ ಅಂಗೈ ತುಂಬ ಅರಿಶಿನ ಬಳಿದು, ಕುಂಕುಮವಿಟ್ಟು, ಅದನ್ನು ಎತ್ತಿ ನಿಲ್ಲಿಸಲು ತಾನೇ ಒಂದು ಕಡೆ ಹೆಗಲು ಕೊಟ್ಟಳು. ಇನ್ನೊಂದು ಕಡೆಗೆ ಮಹಾಲಿಂಗಯ್ಯ ಬಂದು ನಿಂತ.